ಸೇನೆ ಕೊಟ್ಟ ತೊಗಲು ಜಾಕೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಓಹಾಯೋ ರಾಜ್ಯದ ಡೇಟನ್ ಹತ್ತಿರ ಇರುವ ಕನ್ನಡಿಗ. ಅಮೆರಿಕದ ವಾಯುಪಡೆಯ ದೊಡ್ಡ ಮ್ಯೂಸಿಯಂ ಇರುವುದು ಇದೇ ಊರಲ್ಲಿ. ಟಿಕೆಟ್ ಇಲ್ಲ, ಚಳಿಗಾಲದಲ್ಲಿ ಒಳಗೆ ಬೆಚ್ಚಗಿರುತ್ತದೆ, ಹಾಗಾಗಿ ಸುಮ್ನೆ ಹೋಗಿ ಅಡ್ಡಾಡುತ್ತಿದ್ದೆ. ವಿಮಾನ ನೋಡಲು ಹೋದವನಿಗೆ ಗಾಜಿನ ಪೆಟ್ಟಿಗೆಯೊಳಗಿನ ಪೈಲಟ್‌ಗಳ ತೊಗಲು ಜಾಕೆಟ್‌ಗಳ ಹುಚ್ಚು ಹತ್ತಿತು. ಈಗ ನನ್ನ ಕಪಾಟಿನಲ್ಲಿ ನಾಲ್ಕಿವೆ. ರಜೆಗೆ ಊರಿಗೆ ಬಂದಾಗ, ಇಲ್ಲಿ ಗೆಳೆಯರ ಮನೆಗೆ ಹೋದಾಗ, ಎಲ್ಲರೂ ಅವೇ ಪ್ರಶ್ನೆ ಕೇಳುತ್ತಾರೆ. ಉತ್ತರ ಒಂದು ಕಡೆ ಬರೆದಿಟ್ಟರೆ ನನಗೂ ಬಾಯಿ ನೋವು ತಪ್ಪುತ್ತದೆ.

ಇದನ್ನೇ ಅಲ್ವಾ ಬಾಂಬರ್ ಜಾಕೆಟ್ ಅನ್ನೋದು?

ಅಂಗಡಿಯವರು ಎಲ್ಲದಕ್ಕೂ ಅದೇ ಹೆಸರು ಹೇಳುತ್ತಾರೆ. ಸೊಂಟಕ್ಕೆ ನಿಲ್ಲುವ, ಕೆಳಗೆ ಹೆಣಿಗೆ ಪಟ್ಟಿ ಇರುವ ಜಾಕೆಟ್ ಕಂಡರೆ ಸಾಕು, ಬಾಂಬರ್. ನಿಜವಾಗಿ ಬಾಂಬರ್ ವಿಮಾನದವರ ನೆನಪು ತರುವುದು ಬಿ-3. ಒಳಗೆಲ್ಲ ಕುರಿಯ ಉಣ್ಣೆ ಇರುವ ದಪ್ಪ ಜಾಕೆಟ್, 1934ರಲ್ಲಿ ಬಂದದ್ದು. ಆಗಿನ ವಿಮಾನಗಳಲ್ಲಿ ಮೇಲೆ ಹೋದ ಹಾಗೆ ಮೈ ಮರಗಟ್ಟುವ ಚಳಿ ಇರುತ್ತಿತ್ತು.

ಇಲ್ಲಿ ನಾನು ಮಾತಾಡುವುದು ಎರಡರ ಬಗ್ಗೆ ಮಾತ್ರ. ವಾಯುಪಡೆಯ ಎ-2, ನೌಕಾಪಡೆಯ ಜಿ-1. ಎರಡೂ ತೆಳು ತೊಗಲಿನವು. ಎರಡನ್ನೂ ಈ ಕಾಲದಲ್ಲೂ ಸರ್ಕಾರ ತನ್ನ ಪೈಲಟ್‌ಗಳಿಗೆ ಕೊಟ್ಟಿದೆ. ನೈಲಾನಿನ ಎಂಎ-1 ಬೇರೆ ಜಾತಿ, ಅದು ಜೆಟ್ ಕಾಲದ್ದು.

ಎ-2 ಯಾವುದು, ಜಿ-1 ಯಾವುದು? ದೂರದಿಂದ ಹೇಗೆ ಗುರುತಿಸೋದು?

ಕಾಲರ್ ನೋಡಿ. ತೊಗಲಿನದೇ ಕಾಲರ್ ಇದ್ದು, ತುದಿ ಹಾರದ ಹಾಗೆ ಒಳಗೆ ಟಿಚ್ ಗುಂಡಿ ಇದ್ದರೆ ಎ-2. ತುಪ್ಪಳದ ಕಾಲರ್ ಇದ್ದರೆ ಜಿ-1. ಎ-2ಗೆ ಭುಜದ ಮೇಲೆ ಪಟ್ಟಿ ಇರುತ್ತದೆ, ಜೇಬಿಗೆ ಟಿಚ್ ಗುಂಡಿ. ಜಿ-1ಗೆ ಭುಜಪಟ್ಟಿ ಇಲ್ಲ, ಜೇಬಿಗೆ ಮಾಮೂಲಿ ಗುಂಡಿ.

ಬೆನ್ನು ತಿರುಗಿಸಿದರೆ ಇನ್ನೂ ಸುಲಭ. ಎ-2ರ ಬೆನ್ನು ಒಂದೇ ತುಂಡಿನ ತೊಗಲು. ಅದೇ ಕಾರಣಕ್ಕೆ ಎರಡನೇ ಮಹಾಯುದ್ಧದಲ್ಲಿ ಹುಡುಗರು ಅದರ ಮೇಲೆ ಚಿತ್ರ ಬರೆಸಿದರು, ವಿಮಾನದ ಹೆಸರು, ಹಾಕಿದ ಬಾಂಬಿನ ಲೆಕ್ಕ ಎಲ್ಲ. ಜಿ-1ರ ಬೆನ್ನಿಗೆ ಎರಡೂ ಭುಜದ ಹಿಂದೆ ನೆರಿಗೆ ಇರುತ್ತದೆ. ಕೈ ಮುಂದೆ ಚಾಚಿದರೆ ನೆರಿಗೆ ಬಿಚ್ಚಿಕೊಳ್ಳುತ್ತದೆ. ಹಾಕಿಕೊಂಡು ಕಾರು ಓಡಿಸಿದರೆ ಅದರ ಬೆಲೆ ಗೊತ್ತಾಗುತ್ತದೆ. ನನ್ನ ಕೇಳಿದರೆ, ಹೊಲಿಗೆಯ ಜಾಣತನದಲ್ಲಿ ಜಿ-1 ಒಂದು ಕೈ ಮೇಲೆ. ನೋಡಲು ಎ-2 ಚೆಂದ.

ಜಿ-1ರ ಜಿಪ್ ಹಿಂದಿನ ಗಾಳಿಪಟ್ಟಿಯಲ್ಲಿ ಯುಎಸ್‌ಎನ್ (ಅಮೆರಿಕದ ನೌಕಾಪಡೆ) ಅಂತ ಮೂರು ಇಂಗ್ಲಿಷ್ ಅಕ್ಷರಗಳನ್ನು ಸಣ್ಣ ತೂತುಗಳಲ್ಲಿ ಕೊರೆದಿರುತ್ತಾರೆ. ಮೊದಲ ಸಲ ಬೆಳಕಿಗೆ ಹಿಡಿದು ನೋಡಿದಾಗ ಮಕ್ಕಳ ಹಾಗೆ ಖುಷಿಪಟ್ಟಿದ್ದೆ.

ಇವು ಹಳೇ ಕಾಲದವು ತಾನೆ? ‘ಈ ಕಾಲದ್ದು’ ಅಂದರೆ ಏನು?

ಎ-2 ಶುರುವಾದದ್ದು 1931ರಲ್ಲಿ. ಅದಕ್ಕೂ ಮೊದಲು 1927ರಲ್ಲಿ ಎ-1 ಇತ್ತು, ಗುಂಡಿಯದ್ದು. ಎ-2ಗೆ ಜಿಪ್ ಬಂತು. ಆಗ ಜಾಸ್ತಿ ಬಳಸಿದ್ದು ಕುದುರೆ ತೊಗಲು, ಮೇಕೆ ಮತ್ತು ದನದ್ದೂ ಇತ್ತು. ಯುದ್ಧದ ನಡುವೆ, 1943ರಲ್ಲಿ, ವಾಯುಪಡೆಯ ಮುಖ್ಯಸ್ಥ ಜನರಲ್ ಹ್ಯಾಪ್ ಆರ್ನಾಲ್ಡ್ ಕಾಲದಲ್ಲಿ ತೊಗಲು ನಿಲ್ಲಿಸಿ ಬಟ್ಟೆಯ ಜಾಕೆಟ್‌ಗೆ ಹೋದರು. ಪೈಲಟ್‌ಗಳಿಗೆ ಸಿಟ್ಟು ಬಂತು. ಹಳೆಯದನ್ನೇ ಹಾಕಿಕೊಂಡು ಓಡಾಡಿದರು.

ಅದಾಗಿ 45 ವರ್ಷ ಎ-2 ಇರಲೇ ಇಲ್ಲ. 1988ರಲ್ಲಿ ವಾಯುಪಡೆ ಮತ್ತೆ ತಂದಿತು. ಪೈಲಟ್‌ಗಳು ಕೆಲಸ ಬಿಟ್ಟು ವಿಮಾನ ಕಂಪನಿಗಳಿಗೆ ಹೋಗುತ್ತಿದ್ದ ಸಮಯ ಅದು. ಸಂಬಳ ಏರಿಸುವುದಕ್ಕಿಂತ ಜಾಕೆಟ್ ಕೊಡುವುದು ಅಗ್ಗ ಅಂತ ಯಾರಿಗೋ ಹೊಳೆದಿರಬೇಕು! ಹೀಗೆ 1988ರಿಂದ ಈಚೆಗೆ ಬಂದ ಎ-2ಗಳನ್ನೇ ನಾವು ಈ ಕಾಲದವು ಅನ್ನುವುದು. ಇವು ಮೇಕೆ ತೊಗಲಿನವು. ಮೊದಮೊದಲು ಕೂಪರ್ ಸ್ಪೋರ್ಟ್ಸ್‌ವೇರ್ ಅನ್ನುವ ಕಂಪನಿ ಹೊಲಿದು ಕೊಟ್ಟದ್ದು ಜಾಸ್ತಿ.

ಜಿ-1 ಕಥೆ ಬೇರೆ. ಅದರ ಅಜ್ಜ ಎಂ-422ಎ ಅನ್ನುವ ನೌಕಾಪಡೆ ಜಾಕೆಟ್. ಯುದ್ಧ ಮುಗಿದ ಮೇಲೆ ಜಿ-1 ಅನ್ನುವ ಹೆಸರು ಬಂತು. 1970ರ ದಶಕದ ಕೊನೆಗೆ ಕೊಂಚ ಕಾಲ ಕೊಡುವುದನ್ನು ನಿಲ್ಲಿಸಿ, 80ರ ದಶಕದ ಮೊದಲಲ್ಲೇ ಮತ್ತೆ ಶುರು ಮಾಡಿದರು. ಆ ಒಂದು ಸಣ್ಣ ಗ್ಯಾಪ್ ಬಿಟ್ಟರೆ ತಾತನಿಂದ ಮೊಮ್ಮಗನವರೆಗೆ ಅದೇ ಜಾಕೆಟ್. ನೌಕಾಪಡೆಯವರ ಜೊತೆ ಮರೀನ್‌ ಪೈಲಟ್‌ಗಳು, ಕರಾವಳಿ ಕಾವಲಿನ ಪೈಲಟ್‌ಗಳೂ ಇದನ್ನು ಹಾಕುತ್ತಾರೆ.

ವಿಮಾನ ಓಡಿಸುವಾಗ ನಿಜವಾಗಲೂ ಹಾಕ್ಕೋತಾರಾ?

ಫೈಟರ್ ಕಾಕ್‌ಪಿಟ್‌ನ ಕೆಲಸಕ್ಕೆ ನೊಮೆಕ್ಸ್ ಅನ್ನುವ ಬೆಂಕಿ ತಡೆಯುವ ಬಟ್ಟೆಯ ಜಾಕೆಟ್ ಇದೆ, ಸಿಡಬ್ಲ್ಯೂಯು-45 ಅಂತ. ತೊಗಲು ಜಾಕೆಟ್ ಈಗ ಹೆಚ್ಚಾಗಿ ನೆಲದ ಮೇಲಿನ ಗತ್ತು. ಫ್ಲೈಟ್ ಸೂಟ್ ಮೇಲೆ ಹಾಕಿಕೊಂಡು ಓಡಾಡಲು.

ನಕಲಿ ಯಾವುದು, ಅಸಲಿ ಯಾವುದು?

ಇದೇ ದೊಡ್ಡ ಪ್ರಶ್ನೆ. ಮೊದಲು ಒಂದು ಮಾತು: ‘ಸೇನೆ ಕೊಟ್ಟದ್ದಲ್ಲ’ ಅಂದರೆ ‘ಕೆಟ್ಟದ್ದು’ ಅಂತಲ್ಲ. ಮೂರು ಥರ ಇವೆ. ಸೇನೆಯ ಗುತ್ತಿಗೆಯಲ್ಲಿ ಹೊಲಿದದ್ದು. ಅದೇ ಕಂಪನಿ ಅಂಗಡಿಗೆ ಅಂತ ಹೊಲಿದದ್ದು. ಮೂರನೆಯದು ಹಳೆಯದನ್ನು ಹೊಲಿಗೆ ಹೊಲಿಗೆ ಎಣಿಸಿ ಮರುಸೃಷ್ಟಿ ಮಾಡಿದ್ದು. ಈ ಕೊನೆಯದರಲ್ಲಿ ಜಪಾನಿನ ರಿಯಲ್ ಮೆಕಾಯ್ಸ್, ಬಜ್ ರಿಕ್ಸನ್ಸ್, ಇಂಗ್ಲೆಂಡಿನ ಈಸ್ಟ್‌ಮನ್ ಹೆಸರಾದವು. ಅವುಗಳ ಬೆಲೆ ಕೇಳಿದರೆ ಅಸಲಿಯೇ ಅಗ್ಗ ಅನ್ನಿಸುತ್ತದೆ.

ಗುರುತು ಸಿಗುವುದು ಕತ್ತಿನ ಒಳಗಿನ ಲೇಬಲ್‌ನಲ್ಲಿ. ಅದರಲ್ಲಿ ಗುತ್ತಿಗೆ ನಂಬರ್ ಇರಬೇಕು. ಡಿಎಸ್‌ಎ ಅಂತ ಶುರುವಾದರೆ ಅದು 1977ಕ್ಕಿಂತ ಹಿಂದಿನ ಗುತ್ತಿಗೆ. ಯಾಕೆಂದರೆ ರಕ್ಷಣಾ ಸರಬರಾಜು ನೋಡಿಕೊಳ್ಳುವ ಆ ಇಲಾಖೆಯ ಹೆಸರು ಆ ವರ್ಷ ಜನವರಿ 1ರಂದು ಡಿಎಲ್‌ಎ ಅಂತ ಬದಲಾಯಿತು. ಡಿಎಲ್‌ಎ100-87-ಸಿ ಅಂತ ಇದ್ದರೆ ನಡುವಿನ 87 ಅನ್ನುವುದು ಸರ್ಕಾರಿ ಹಣಕಾಸು ವರ್ಷ. ಇನ್ನೂ ಈಚಿನವು ಎಸ್‌ಪಿಓ100 ಅಥವಾ ಎಸ್‌ಪಿಎಂ ಅಂತ ಶುರುವಾಗುತ್ತವೆ. ವರ್ಷ ಹೇಳುವ ಎರಡು ಅಂಕಿ ಅವುಗಳಲ್ಲೂ ಇರುತ್ತದೆ.

ಇನ್ನೊಂದು ನಂಬರ್ 13 ಅಂಕಿಯದ್ದು. ಅದು ಸರಕಿನ ನಂಬರ್. ಮೊದಲ ನಾಲ್ಕು ಅಂಕಿ 8415 ಇರಬೇಕು. ಆ ವ್ಯವಸ್ಥೆಯಲ್ಲಿ ವಿಶೇಷ ಕೆಲಸದ ಉಡುಪಿಗೆ ಕೊಟ್ಟ ಗುಂಪು ಅದು. ಆಮೇಲಿನ 00 ಅಥವಾ 01 ಅಮೆರಿಕದ ಗುರುತು. 13 ಅಂಕಿಯ ಪದ್ಧತಿ ಬಂದದ್ದು 1974ರಲ್ಲಿ. ಅದಕ್ಕೂ ಹಿಂದೆ 11 ಅಂಕಿ. ಹಾಗಾಗಿ ‘1965ರ ಜಾಕೆಟ್’ ಅಂತ ಮಾರುವವನ ಲೇಬಲ್‌ನಲ್ಲಿ 13 ಅಂಕಿ ಕಂಡರೆ ನಕ್ಕು ಮುಂದೆ ಹೋಗಿ.

ಜಿ-1 ಆದರೆ ಮಿಲ್-ಜೆ-7823 ಅನ್ನುವ ಸಾಲು ಹುಡುಕಿ. ಕೊನೆಗೆ ಎ, ಬಿ, ಸಿ, ಡಿ, ಇ ಅಂತ ಒಂದು ಅಕ್ಷರ ಇರಬಹುದು. ಮಾದರಿಯನ್ನು ಎಷ್ಟು ಸಲ ತಿದ್ದಿದ್ದಾರೆ ಅನ್ನುವ ಲೆಕ್ಕ ಅದು. ಅಕ್ಷರ ಮುಂದೆ ಹೋದಷ್ಟೂ ಜಾಕೆಟ್ ಈಚಿನದು. ಹಳೆಯವುಗಳ ಕಾಲರ್ ನಿಜವಾದ ಕುರಿ ತುಪ್ಪಳ. ಆಮೇಲಿನ ಬಹಳಷ್ಟಕ್ಕೆ ಕೃತಕ ತುಪ್ಪಳ.

ಲೇಬಲ್‌ನಲ್ಲಿ ‘ಮಿಲಿಟರಿ ಮಾದರಿ’ ಅಂತ ಇದೆ. ಸಾಕಲ್ವಾ?

ಸಾಲದು. ನಾನು ಬಿದ್ದ ಗುಂಡಿ ಇದೇ. ಒಬ್ಬ ಮಾರಾಟಗಾರನ ಹತ್ತಿರ ನನ್ನ ಮೊದಲ ಜಿ-1 ಕೊಂಡೆ. ಫೋಟೋದಲ್ಲಿ ಲೇಬಲ್ ಚೆನ್ನಾಗಿ ಕಾಣುತ್ತಿತ್ತು. ಟೈಪ್ ಜಿ-1 ಅಂತ ದೊಡ್ಡದಾಗಿ, ಸೇನಾ ಮಾದರಿಯಂತೆ ತಯಾರಿಸಿದ್ದು ಅಂತ ಕೆಳಗೆ. ಗುತ್ತಿಗೆ ನಂಬರ್ ಎಲ್ಲಿ ಅಂತ ಕೇಳುವ ಬುದ್ಧಿ ನನಗಿರಲಿಲ್ಲ. ಮನೆಗೆ ಬಂದ ಮೇಲೆ ಬೆಳಕಿಗೆ ಹಿಡಿದೆ, ಗಾಳಿಪಟ್ಟಿಯಲ್ಲಿ ತೂತುಗಳೇ ಇಲ್ಲ. ಅಂಗಡಿ ಮಾಲು. 80ರ ದಶಕದಲ್ಲಿ ‘ಟಾಪ್ ಗನ್’ ಸಿನಿಮಾ ನೋಡಿ ಜನ ಮುಗಿಬಿದ್ದಾಗ ಇಂಥವು ರಾಶಿ ರಾಶಿ ಮಾರಾಟವಾದವು. ಅದು ಈಗಲೂ ನನ್ನ ಹತ್ತಿರ ಇದೆ. ಹಿಮ ಗೋರಲು ಅದನ್ನೇ ಹಾಕಿಕೊಳ್ಳುತ್ತೇನೆ. ತೊಗಲು ಚೆನ್ನಾಗಿದೆ, ಏನೂ ತಕರಾರಿಲ್ಲ. ಕೊಟ್ಟ ಬೆಲೆಗೆ ಮಾತ್ರ ತಕರಾರು.

ಒಳಗೆ ‘ಮೇಡ್ ಇನ್ ಇಂಡಿಯಾ’ ಅಂತ ಇದ್ದರೆ?

ಹಾಗಾದರೆ ಅದು ಅಮೆರಿಕದ ಸೇನೆ ಕೊಟ್ಟದ್ದಲ್ಲ. ಅಲ್ಲಿ 1941ರಿಂದ ಬೆರಿ ತಿದ್ದುಪಡಿ ಅನ್ನುವ ಕಾನೂನು ಇದೆ. ಸೇನೆಗೆ ಕೊಳ್ಳುವ ಬಟ್ಟೆಬರೆ ಅಮೆರಿಕದಲ್ಲೇ ತಯಾರಾಗಬೇಕು.

ಆದರೆ ಇದಕ್ಕೊಂದು ತಮಾಷೆಯ ಮಗ್ಗುಲಿದೆ. ಎರಡನೇ ಮಹಾಯುದ್ಧದ ಜಾಕೆಟ್ ಮೇಲೆ ಭಾರತದಲ್ಲಿ ಮಾಡಿದ ಪ್ಯಾಚ್ ಇದ್ದರೆ ಬೆಲೆ ಏರುತ್ತದೆ! ಚೀನಾ-ಬರ್ಮಾ-ಇಂಡಿಯಾ ರಣರಂಗದಲ್ಲಿದ್ದ ಅಮೆರಿಕನ್ ಪೈಲಟ್‌ಗಳು ಭಾರತದ ದರ್ಜಿಗಳಿಂದ ಪ್ಯಾಚ್ ಮಾಡಿಸಿಕೊಂಡರು. ಬಣ್ಣ ಬಣ್ಣದ ತೊಗಲು ತುಂಡು ಜೋಡಿಸಿ ಹೊಲಿದವು ಕೆಲವು, ಜರತಾರಿ ಕೆಲಸದವು ಕೆಲವು. ಗುರಾಣಿ ಆಕಾರ, ಮೇಲೆ ಚೀನಾದ ಸೂರ್ಯ ಮತ್ತು ಒಂದು ನಕ್ಷತ್ರ, ಕೆಳಗೆ ಕೆಂಪು ಬಿಳಿ ಪಟ್ಟೆ. ಸೀರೆಯ ಅಂಚಿಗೆ ಬಳಸುವಂಥ ಜರಿ ಅಮೆರಿಕನ್ ಪೈಲಟ್‌ನ ತೋಳಿನ ಮೇಲೆ ಹೊಳೆಯುತ್ತಿತ್ತು ಅಂದರೆ ನನಗೆ ಈಗಲೂ ನಗು ಬರುತ್ತದೆ. ಕೆಲವು ಜಾಕೆಟ್‌ಗಳ ಬೆನ್ನಿಗೆ ಅಥವಾ ಒಳಗೆ ಚೀನೀ ಅಕ್ಷರದ ಬಟ್ಟೆ ಇರುತ್ತದೆ. ‘ಈತ ನೆರವಿಗೆ ಬಂದ ವಿದೇಶಿ, ಕಾಪಾಡಿ’ ಅನ್ನುವ ಅರ್ಥದ್ದು.

ಬೆಂಗಳೂರಿಗೂ ಈ ಜಾಕೆಟ್‌ಗೂ ಏನಾದರೂ ಸಂಬಂಧ ಇದೆಯಾ?

ಇದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರಲ್ಲ, ಅದೇ ಇವತ್ತಿನ ಎಚ್‌ಎಎಲ್. 1943ರಲ್ಲಿ ಅದರ ನಡೆಸುವಿಕೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಸರಕು ಒಯ್ಯುವ ರಣರಂಗದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ಕ್ಯಾಟಲಿನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳೂ ಬಂದವು. ತಂದವರ ಮೈಮೇಲೆ ಎ-2 ಇದ್ದೇ ಇರಬೇಕು ಅನ್ನುವುದು ನನ್ನ ಊಹೆ. ಹಳೇ ಬೆಂಗಳೂರಿನ ಯಾವುದಾದರೂ ಅಟ್ಟದ ಮೇಲೆ ಒಂದು ಉಳಿದಿರಬಹುದು ಅನ್ನುವುದು ಬರೀ ಆಸೆ.

ಸೈಜ್ ಹೇಗೆ ನೋಡೋದು?

ಲೇಬಲ್‌ನ ಸೈಜ್ ನಂಬಬೇಡಿ. ಯುದ್ಧಕಾಲದ ಎ-2 ಬಿಗಿ. 1988ರ ನಂತರದ್ದು ಸಡಿಲ, ಅದಕ್ಕೆ ರೆಗ್ಯುಲರ್, ಲಾಂಗ್ ಅಂತ ಎರಡು ಉದ್ದ ಬೇರೆ. ನಿಮಗೆ ಸರಿಯಾಗಿ ಕೂರುವ ಒಂದು ಜಾಕೆಟ್ ನೆಲದ ಮೇಲೆ ಹಾಸಿ, ಟೇಪು ಹಿಡಿದು ಕಂಕುಳಿಂದ ಕಂಕುಳಿಗೆ ಅಳೆಯಿರಿ. ಎದೆ ಸುತ್ತಳತೆ 38 ಇಂಚಿನವರಿಗೆ ಆ ಅಳತೆ 21ರಿಂದ 22 ಇಂಚು ಬಂದರೆ ಚೆನ್ನ. ಭುಜದ ಅಗಲವನ್ನೂ ಕೇಳಿ ತಿಳಿದುಕೊಳ್ಳಿ. ಭುಜ ಸರಿಯಿಲ್ಲದಿದ್ದರೆ ಯಾವ ದರ್ಜಿಯೂ ಸರಿ ಮಾಡಲಾರ.

ಉದ್ದ ಕಡಿಮೆ ಅನ್ನಿಸುತ್ತದೆ, ಗಾಬರಿಯಾಗಬೇಡಿ. ಇದು ಕೂತು ಮಾಡುವ ಕೆಲಸಕ್ಕೆ ಹೊಲಿದದ್ದು, ಪ್ಯಾಂಟಿನ ಬೆಲ್ಟ್ ಹತ್ತಿರ ನಿಲ್ಲಬೇಕು. ಶರ್ಟ್ ಹೊರಗೆ ಬಿಟ್ಟು ಹಾಕಿಕೊಂಡರೆ ಲಂಗದ ಹಾಗೆ ಕಾಣುತ್ತದೆ. ಇನ್‌ಶರ್ಟ್ ಮಾಡಿ.

ಕೈ ಇಡಲು ಬದಿಯಲ್ಲಿ ಜೇಬೇ ಇಲ್ಲವಲ್ಲ?

ಮೂಲ ಮಾದರಿಯಲ್ಲಿ ಇಲ್ಲ. ಜೇಬಲ್ಲಿ ಕೈ ಹಾಕಿ ನಿಲ್ಲುವುದು ಸಿಪಾಯಿಗೆ ಲಕ್ಷಣವಲ್ಲ ಅನ್ನುವುದು ಎಲ್ಲರೂ ಹೇಳುವ ಕಥೆ. ನಂತರದ ಎ-2ಗಳಲ್ಲಿ ಮುಂದಿನ ಜೇಬಿನ ಹಿಂದೆ ಕೈ ತೂರಿಸುವ ಹಾಗೆ ಬದಿ ಜೇಬು ಬಂದದ್ದೂ ಇದೆ.

ಬೆಚ್ಚಗಿರುತ್ತಾ? ಬೈಕ್‌ಗೆ ಆಗುತ್ತಾ?

ಒಳಗೆ ತೆಳು ಅಸ್ತರು ಅಷ್ಟೇ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ, ಮಡಿಕೇರಿಯ ಸಂಜೆ, ಇವಕ್ಕೆ ಹೇಳಿ ಮಾಡಿಸಿದ್ದು. ಓಹಾಯೋದ ಜನವರಿಗೆ ಸಾಲದು, ಒಳಗೆ ಸ್ವೆಟರ್ ಬೇಕು. ಮಂಗಳೂರಿಗೆ ತಂದರೆ ಕಪಾಟಿಗೆ ಅಲಂಕಾರ.

ಬೈಕ್ ಮೇಲೆ ಗಾಳಿ ತಡೆಯುತ್ತದೆ, ಏಟು ತಡೆಯುವುದಿಲ್ಲ. ಮೊಣಕೈಗೆ, ಭುಜಕ್ಕೆ ಪ್ಯಾಡ್ ಇಲ್ಲ. ಬಗ್ಗಿ ಕೂತರೆ ಬೆನ್ನಿನ ಕೆಳಗೆ ನಾಲ್ಕು ಬೆರಳು ಬಯಲು. ಬೈಕ್‌ಗೆ ಬೈಕ್ ಜಾಕೆಟ್ಟೇ ತಗೊಳ್ಳಿ.

ಮೇಕೆ ತೊಗಲು ಯಾಕೆ? ಕುದುರೆಯದು ಒಳ್ಳೆಯದಂತೆ?

ಕುದುರೆ ತೊಗಲು ನಯ, ಗಡಸು. ವರ್ಷಗಟ್ಟಲೆ ಹಾಕಿದ ಮೇಲೆ ಮೈಗೆ ಒಗ್ಗುತ್ತದೆ, ಹೊಳಪು ಬರುತ್ತದೆ. ಮೇಕೆಯದರ ಮೇಲೆ ಸಣ್ಣ ಸಣ್ಣ ಗುಳ್ಳೆಯ ಹಾಗೆ ಕಾಳು ಕಾಣುತ್ತದೆ. ತೆಳುವಾಗಿದ್ದರೂ ಗಟ್ಟಿ, ಉಜ್ಜಿದರೆ ಬೇಗ ಸವೆಯುವುದಿಲ್ಲ, ಹಾಕಿದ ಮೊದಲ ದಿನವೇ ಮೃದು. ದಿನಾ ಹಾಕುವವರಿಗೆ ಮೇಕೆಯೇ ಸರಿ ಅಂತ ನನ್ನ ಅನುಭವ.

ಹದ ಮಾಡುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಹಿಂದೆ ತಂಗಡಿ ಗಿಡದ ತೊಗಟೆ ಹಾಕಿ ತೊಗಲು ಹದ ಮಾಡುತ್ತಿದ್ದರು. ಹಾಗೆ ತೊಗಟೆಯಲ್ಲಿ ಹದವಾದ ತೊಗಲು ಮಳೆ, ಬಿಸಿಲು, ಬೆವರು ಎಲ್ಲದರ ಗುರುತು ಉಳಿಸಿಕೊಂಡು ಬಣ್ಣ ತಿರುಗುತ್ತದೆ. ಹಳೇ ಎ-2ಗಳ ಚೆಂದ ಬಹಳಷ್ಟು ಅದೇ. ಈಚಿನವು ಕ್ರೋಮ್ ಹದದವು. ಮಳೆಗೆ ಅಷ್ಟಾಗಿ ಅಂಜುವುದಿಲ್ಲ, ಬಣ್ಣ ಅಷ್ಟಾಗಿ ತಿರುಗುವುದೂ ಇಲ್ಲ.

ಊರಿಗೆ ತಂದರೆ ಬೂಷ್ಟು ಹಿಡಿಯಲ್ವಾ?

ಹಿಡಿಯುತ್ತದೆ ಮಾರಾಯ್ರೆ. ಒಂದು ಎ-2 ತೀರ್ಥಹಳ್ಳಿ ಮನೆಯಲ್ಲಿ ಬಿಟ್ಟು ಬಂದಿದ್ದೆ. ಜೋಪಾನವಾಗಿರಲಿ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಆಗಸ್ಟ್‌ನಲ್ಲಿ ಅಮ್ಮ ಫೋನ್ ಮಾಡಿ, ‘ನಿನ್ನ ಕೋಟಿನ ಮೇಲೆ ಗಡ್ಡ ಬಂದಿದೆ’ ಅಂದರು. ತಪ್ಪು ಪೂರ್ತಿ ನನ್ನದು. ತೊಗಲಿಗೆ ಪ್ಲಾಸ್ಟಿಕ್ ಸುತ್ತಬಾರದು, ಉಸಿರಾಡಲು ಬಿಡಬೇಕು.

ಬೂಷ್ಟು ಬಂದರೆ ಮನೆಯ ಹೊರಗೆ ತಂದು ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಮೆಲ್ಲಗೆ ಒರೆಸಿ. ಮೊದಲು ಒಳಮಗ್ಗುಲಲ್ಲಿ ಒಂದು ಚೂರು ಪರೀಕ್ಷೆ ಮಾಡಿ, ಬಣ್ಣ ಬಿಟ್ಟರೆ ನಿಲ್ಲಿಸಿ. ನೆರಳಲ್ಲಿ, ಗಾಳಿಗೆ ಒಣಗಲಿ. ಬಿಸಿಲು ಬೇಡ, ಒಲೆ ಹತ್ತಿರ ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಅಗಲ ಭುಜದ ಮರದ ಹ್ಯಾಂಗರ್‌ಗೆ ಹಾಕಿ, ಮೇಲೆ ಹಳೇ ಹತ್ತಿ ಪಂಚೆ ಹೊದಿಸಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರಗೆ ತೆಗೆದು ಅರ್ಧ ಗಂಟೆ ಹಾಕಿಕೊಂಡು ಓಡಾಡಿದರೆ ಇನ್ನೂ ಒಳ್ಳೆಯದು.

ತೋಳಿನ ತುದಿ ಮತ್ತು ಸೊಂಟದ ಹೆಣಿಗೆ ಉಣ್ಣೆಯದು. ಅದಕ್ಕೆ ನುಸಿ ಬೀಳುತ್ತದೆ. ತೂತು ಬಿದ್ದರೆ ಹೆಣಿಗೆ ಬದಲಿಸಬಹುದು, ಹೊಸ ಪಟ್ಟಿಗಳು ಸಿಗುತ್ತವೆ. ತೆಗೆದ ಹಳೆಯದನ್ನು ಎಸೆಯಬೇಡಿ.

ಎಣ್ಣೆ, ಪಾಲಿಶ್ ಹಾಕಬೇಕಾ?

ಜನ ಅತಿ ಮಾಡುವುದು ಇಲ್ಲೇ. ವರ್ಷಕ್ಕೊಮ್ಮೆ ತೊಗಲಿನ ಕಂಡಿಷನರ್ ತೆಳುವಾಗಿ ಸವರಿದರೆ ಬೇಕಾದಷ್ಟಾಯಿತು. ಕೊಬ್ಬರಿ ಎಣ್ಣೆ ತಲೆಗೆ ಇಟ್ಟುಕೊಳ್ಳಿ. ಬೂಟ್ ಪಾಲಿಶ್ ಹಾಕಿದರೆ ಸೀಟಿನ ಕವರಿಗೆಲ್ಲ ಅಂಟುತ್ತದೆ. ಯುದ್ಧಕಾಲದ ಜಾಕೆಟ್ ಆದರೆ ಏನೂ ಹಚ್ಚದೆ ಬಿಡುವುದೇ ವಾಸಿ.

ಬೆಲೆ ಎಷ್ಟು?

1988ರ ನಂತರದ, ಹಾಕಿ ಬಿಟ್ಟ ಎ-2 ಅಥವಾ ಜಿ-1 ಕೆಲವು ನೂರು ಡಾಲರ್ ಒಳಗೆ ಸಿಗುತ್ತದೆ. ಯುದ್ಧಕಾಲದ್ದು ಸಾವಿರ ದಾಟುವುದು ಮಾಮೂಲು. ಬೆನ್ನಿಗೆ ಚಿತ್ರ ಇದ್ದು, ಹಾಕಿದವನ ಕಾಗದಪತ್ರ ಜೊತೆಗೆ ಬಂದರೆ ಅದು ನಮ್ಮಂಥವರ ಆಟವಲ್ಲ. ಅಲ್ಲೇ ನಕಲಿಗಳೂ ಜಾಸ್ತಿ. ಹಳೇ ಜಾಕೆಟ್‌ಗೆ ಹೊಸ ಚಿತ್ರ ಬರೆದು ಉಜ್ಜಿ ಹಳತು ಮಾಡುವವರಿದ್ದಾರೆ. ಬಣ್ಣದ ಬಿರುಕು ತೊಗಲಿನ ಬಿರುಕಿನ ಜೊತೆಗೇ ಓಡಬೇಕು. ತೊಗಲಿನ ಬಿರುಕಿನೊಳಗೆ ಬಣ್ಣ ಇಳಿದಿದ್ದರೆ ಚಿತ್ರ ಆಮೇಲೆ ಬರೆದದ್ದು.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ: ಈ ಕಾಲದ ಮೇಕೆ ತೊಗಲಿನದು ಕೊಳ್ಳಿ, ದಿನಾ ಹಾಕಿ. ಹಾಕಲು ಹೆದರುವಷ್ಟು ಬೆಲೆಯದು ಮನೆಗೆ ತಂದರೆ ನೀವು ಅದರ ಕಾವಲುಗಾರ ಆಗುತ್ತೀರಿ.

ನಾವು ಹಾಕಿಕೊಂಡರೆ ಪೊಲೀಸರು ಹಿಡಿಯಲ್ವಾ?

ಪ್ಯಾಚ್ ಇಲ್ಲದ ಕಂದು ತೊಗಲು ಜಾಕೆಟ್ ಹಾಕಿದವರನ್ನು ಯಾರೂ ಏನೂ ಕೇಳುವುದಿಲ್ಲ. ಭಾರತದಲ್ಲಿ ನಮ್ಮ ಸೈನಿಕ, ನಾವಿಕ, ವಾಯುಯೋಧ ಅಂತ ಬೇರೆಯವರು ನಂಬಲಿ ಅನ್ನುವ ಉದ್ದೇಶದಿಂದ ಅವರ ಉಡುಪು ಅಥವಾ ಗುರುತು ಹಾಕಿಕೊಂಡರೆ ಅಪರಾಧ. ಹಿಂದೆ ಐಪಿಸಿ 140, ಈಗ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ. ಮೂರು ತಿಂಗಳವರೆಗೆ ಜೈಲು, 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಮನಿಸಿ, ಮುಖ್ಯವಾದದ್ದು ಉದ್ದೇಶ. ಆದರೂ ವಾಯುಪಡೆಯ ರೆಕ್ಕೆ, ರ‍್ಯಾಂಕ್ ಪಟ್ಟಿ ಇವನ್ನೆಲ್ಲ ಎದೆ ಮೇಲೆ ಅಂಟಿಸಿಕೊಂಡು ಯಲಹಂಕದ ಏರ್ ಶೋಗೆ ಹೋಗಬೇಡಿ. ಅಲ್ಲಿ ನಿಜವಾದವರು ಇರುತ್ತಾರೆ, ಮಾತಾಡಿಸುತ್ತಾರೆ, ಆಗ ನೀವು ಏನು ಹೇಳುತ್ತೀರಿ?

ಮನೆಯಲ್ಲಿ ತೊಗಲು ಬೇಡ ಅಂತಾರೆ.

ನಮ್ಮ ಮನೆಯಲ್ಲೂ ದೇವರ ಕೋಣೆ ಹತ್ತಿರ ತರಬಾರದು ಅನ್ನುವ ಕಟ್ಟಳೆ ಇದೆ. ಪಾಲಿಸುತ್ತೇನೆ. ತೊಗಲೇ ಬೇಡ ಅನ್ನುವವರಿಗೆ ಎಂಎ-1, ಸಿಡಬ್ಲ್ಯೂಯು-45 ಇವೆಯಲ್ಲ, ಅವೂ ಪೈಲಟ್‌ಗಳವೇ.

ಕೊಂಡ ಜಾಕೆಟ್ ಮೇಲೆ ಬೇರೆಯವರ ಹೆಸರಿದೆ. ಕಿತ್ತು ಹಾಕಲಾ?

ಹೊಲಿದಿದ್ದರೆ ಕೀಳಬೇಡಿ. ಕಿತ್ತ ಜಾಗದಲ್ಲಿ ಸೂಜಿ ತೂತು ಉಳಿಯುತ್ತದೆ, ತೊಗಲು ಬಟ್ಟೆಯ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಜಾಕೆಟ್ ಯಾರದು ಅಂತ ಹೇಳುವ ಒಂದೇ ಸಾಕ್ಷಿಯೂ ಹೋಗುತ್ತದೆ. ಈಚಿನ ಎ-2ಗಳಲ್ಲಿ ಹೆಸರಿನ ಪಟ್ಟಿ ಎಡ ಎದೆ ಮೇಲೆ ವೆಲ್ಕ್ರೋದಲ್ಲಿ ಅಂಟಿರುತ್ತದೆ. ಎರಡು ಇಂಚು ಅಗಲ, ನಾಲ್ಕು ಇಂಚು ಉದ್ದದ ತೊಗಲು ತುಂಡು, ಅದರ ಮೇಲೆ ರೆಕ್ಕೆ, ಹೆಸರು. ನಾನು ಕೊಂಡ ಒಂದರ ಜೊತೆ ಹಾಗೆ ಬಂತು. ಆ ರೆಕ್ಕೆ ಗಳಿಸಿದ್ದು ನಾನಲ್ಲ. ತೆಗೆದು ಒಂದು ಲಕೋಟೆಯಲ್ಲಿ ಹಾಕಿ, ಜಾಕೆಟ್‌ನ ಒಳಜೇಬಿನಲ್ಲೇ ಇಟ್ಟಿದ್ದೇನೆ. ಎದೆ ಮೇಲೆ ಬರೀ ವೆಲ್ಕ್ರೋ. ಅದಕ್ಕೆ ಮಫ್ಲರ್‌ನ ಎಳೆ ಅಂಟುತ್ತದೆ, ಅಷ್ಟೇ ತೊಂದರೆ.